ತೊಳೆದ ಮೊಟ್ಟೆಯೇ ಮೊದಲು ಕೆಟ್ಟಿದ್ದು ಯಾಕೆ? ಮಲೆನಾಡಿನ ಒಂದು ಹಿತ್ತಲ ಕೋಳಿಗೂಡಿನ ಪ್ರಕರಣ

ನಮ್ಮ ಚಿಕ್ಕಮ್ಮನ ಮನೆ ಇರೋದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಡಿಕೆ ತೋಟ, ಎರಡು ಹಸು, ಹಿತ್ತಲಲ್ಲಿ ಕೋಳಿ. ಹೇಂಟೆ 15, ಹುಂಜ 2. ಅರ್ಧದಷ್ಟು ನಾಟಿ, ಉಳಿದವು ಗಿರಿರಾಜ. ಗಿರಿರಾಜ ಅಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ. ದಿನಕ್ಕೆ ಏಳೆಂಟು ಮೊಟ್ಟೆ ಸಿಗುತ್ತವೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಪೇಟೆಯ ಕೆಲವು ಮನೆಗಳಿಗೆ ಕೊಡುತ್ತಾರೆ. ಅದರ ದುಡ್ಡು ಪೂರ್ತಿ ಚಿಕ್ಕಮ್ಮನ ಕೈಗೇ ಬರೋದು. ಹಾಗಾಗಿ ಇದು ಅವರಿಗೆ ಸಣ್ಣ ವಿಷಯ ಅಲ್ಲ.

ಜುಲೈ ತಿಂಗಳ ಜಡಿಮಳೆಯಲ್ಲಿ ದೂರುಗಳು ಶುರುವಾದವು. ಕೊಟ್ಟು ವಾರ ಆಗುವಷ್ಟರಲ್ಲಿ ಮೊಟ್ಟೆ ಕೆಟ್ಟಿರುತ್ತದೆ, ಒಡೆದರೆ ಅಡುಗೆಮನೆ ತುಂಬ ವಾಸನೆ, ಕೆಲವದರಲ್ಲಿ ರಕ್ತ ಅಂತ. ಚಿಕ್ಕಮ್ಮನಿಗೆ ಬೇಜಾರಾಗಿದ್ದು ಇನ್ನೊಂದು ಕಾರಣಕ್ಕೆ. ಆ ವರ್ಷವೇ ಅವರು ಮೊಟ್ಟೆಯನ್ನು ಅತಿ ಜಾಸ್ತಿ ಶುಚಿ ಮಾಡಿ ಕೊಡೋಕೆ ಶುರು ಮಾಡಿದ್ದರು. ಹಿಂದಿನ ವರ್ಷ ಒಬ್ಬರು "ಮೊಟ್ಟೆ ಮೇಲೆ ಹಿಕ್ಕೆ ಇರ್ತದೆ" ಅಂದಿದ್ದರಂತೆ. ಅದು ಮನಸ್ಸಿಗೆ ನಾಟಿತ್ತು. "ಬಂದು ನೋಡು ಮಾರಾಯ್ತಿ, ಕೋಳಿಗೇ ಏನೋ ರೋಗ ಹೊಕ್ಕಿರ್ಬೇಕು" ಎಂದು ನನಗೆ ಫೋನ್ ಮಾಡಿದರು. ನಮ್ಮ ಮನೆಯಲ್ಲೂ ಬಹಳ ವರ್ಷದಿಂದ ಕೋಳಿ ಇವೆ, ಮೊಟ್ಟೆ ಕೆಡೋದರ ಬಗ್ಗೆ ಓದಿಕೊಂಡಿದ್ದೂ ಇದೆ. ಹೋದೆ.

ಕೋಳಿಗಳು ಚೆನ್ನಾಗಿದ್ದವು. ಜುಟ್ಟು ಕೆಂಪಗಿತ್ತು, ಮೇವು ತಿನ್ನುತ್ತಿದ್ದವು, ಹಿಕ್ಕೆ ಗಟ್ಟಿಯಾಗಿತ್ತು. ರೋಗದ ಲಕ್ಷಣ ಒಂದೂ ಕಾಣಲಿಲ್ಲ. ಹಾಗಾದರೆ ಕಾರಣ ಮೊಟ್ಟೆ ಗೂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲೇ ಇರಬೇಕು.

ಟಾರ್ಚ್ ಬೆಳಕಿನಲ್ಲಿ ಕಂಡದ್ದು

ಮೊದಲು ಮನೆಯಲ್ಲಿದ್ದ ಮೊಟ್ಟೆಗಳನ್ನೆಲ್ಲ ಬಚ್ಚಲು ಮನೆಗೆ ತಂದು ಬಾಗಿಲು ಹಾಕಿಕೊಂಡು ಮೊಬೈಲ್ ಟಾರ್ಚ್ ಹಿಡಿದು ನೋಡಿದೆವು. ಇದಕ್ಕೆ ಬೇರೆ ಉಪಕರಣ ಏನೂ ಬೇಡ. ಟಾರ್ಚಿನ ಬೆಳಕು ಆಚೀಚೆ ಹೋಗದ ಹಾಗೆ ಹೆಬ್ಬೆರಳು ತೋರುಬೆರಳು ಸುತ್ತಿ, ಅದರ ಮೇಲೆ ಮೊಟ್ಟೆಯ ದಪ್ಪ ತುದಿಯನ್ನು ಇಟ್ಟರೆ ಸಾಕು. ಒಳಗೆಲ್ಲ ಕಿತ್ತಳೆ ಬಣ್ಣದ ಬೆಳಕು ತುಂಬಿಕೊಳ್ಳುತ್ತದೆ. ದಪ್ಪ ತುದಿಯಲ್ಲಿ ಗಾಳಿಯ ಕೋಣೆ ಬಿಳಿಯಾಗಿ ಕಾಣುತ್ತದೆ. ಹೊಸ ಮೊಟ್ಟೆಯಲ್ಲಿ ಅದು ಎರಡು ಮೂರು ಮಿಲಿಮೀಟರ್ ಆಳ ಇರುತ್ತದೆ ಅಷ್ಟೆ. ಹಳೆಯದಾದಷ್ಟೂ ದೊಡ್ಡದಾಗುತ್ತದೆ. ಕೂದಲೆಳೆಯ ಬಿರುಕಿದ್ದರೆ ಬೆಳ್ಳಿಗೆರೆಯ ಹಾಗೆ ಹೊಳೆಯುತ್ತದೆ. ಬರಿಗಣ್ಣಿಗೆ ಅದು ಕಾಣೋದೇ ಇಲ್ಲ.

ಕೆಟ್ಟ ಮೊಟ್ಟೆಗಳಲ್ಲಿ ಎರಡು ಥರ ಇದ್ದವು. ಕೆಲವು ಬೆಳಕನ್ನೇ ಬಿಡಲಿಲ್ಲ, ಒಳಗೆಲ್ಲ ಕತ್ತಲು. ಅವುಗಳಲ್ಲಿ ಒಂದನ್ನು ತೋಟದ ಬದಿಯಲ್ಲಿ ಒಡೆದೆವು. ಲೋಳೆ ಹಸಿರುಗಟ್ಟಿ ನೀರಾಗಿತ್ತು, ಹಳದಿ ಕರಗಿ ಅದರಲ್ಲಿ ಬೆರೆತಿತ್ತು. ಇನ್ನು ಕೆಲವದರಲ್ಲಿ ಕೆಂಪು ಉಂಗುರ ಕಂಡಿತು, ಅದರಿಂದ ಸಣ್ಣ ರಕ್ತನಾಳಗಳು. ಒಡೆದರೆ ವಾಸನೆ ಇಲ್ಲ, ಹಳದಿಯ ಮೇಲೆ ರಕ್ತದ ಬಳೆ.

ಪೇಟೆಯವರು ಎರಡನ್ನೂ "ಕೆಟ್ಟ ಮೊಟ್ಟೆ" ಅಂತಲೇ ಹೇಳಿದ್ದರು. ಆದರೆ ಮೊದಲನೆಯದು ಕೊಳೆತ ಮೊಟ್ಟೆ. ಎರಡನೆಯದು ಮರಿಯಾಗೋಕೆ ಹೊರಟು ಅರ್ಧದಲ್ಲಿ ಸತ್ತದ್ದು. ಎರಡಕ್ಕೂ ಕಾರಣ ಬೇರೆ ಬೇರೆ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಇದನ್ನು ಬೇರೆ ಮಾಡಿ ನೋಡದೆ ಹೋಗಿದ್ದರೆ ಒಂದನ್ನು ಸರಿ ಮಾಡಿ ಇನ್ನೊಂದನ್ನು ಹಾಗೇ ಬಿಡುತ್ತಿದ್ದೆವು.

ಬಕೆಟ್ಟಿನ ನೀರು

ಚಿಕ್ಕಮ್ಮ ದಿನಾ ಮಾಡೋದನ್ನು ಮಾಡಿ ತೋರಿಸಿದರು. ಹಾಲು ಕರೆದು, ತಿಂಡಿ ಮುಗಿಸಿ, ಹತ್ತು ಗಂಟೆ ಹೊತ್ತಿಗೆ ಗೂಡಿಗೆ ಹೋಗಿ ಮೊಟ್ಟೆ ತರುವುದು. ಆಗಷ್ಟೇ ಇಟ್ಟದ್ದು ಇನ್ನೂ ಬಿಸಿ ಇರುತ್ತದೆ. ಬಕೆಟ್ಟಿಗೆ ಬಾವಿ ನೀರು ತುಂಬಿ, ಪಾತ್ರೆ ತೊಳೆಯೋ ಸೋಪು ಕದಡಿ, ಮೊಟ್ಟೆಗಳನ್ನು ಅದರಲ್ಲಿ ನೆನೆಹಾಕುವುದು. ಕೆಸರು ಮೆತ್ತಗಾದ ಮೇಲೆ ಸ್ಟೀಲ್ ನಾರಿನಿಂದ ಉಜ್ಜುವುದು. ಮಳೆಗಾಲದಲ್ಲಿ ಒಣಗೋದಿಲ್ಲ ಅಂತ ಬಚ್ಚಲೊಲೆಯ ಮೇಲಿನ ಅಟ್ಟಣಿಗೆಯಲ್ಲಿ ಬುಟ್ಟಿಯಲ್ಲಿಡುವುದು. ಒಂದೆರಡು ದಿನ ಬಿಟ್ಟು ಅಲ್ಲಿಂದ ಫ್ರಿಜ್ ಬಾಗಿಲಿಗೆ. ಕೊಡುವ ದಿನ ಫ್ರಿಜ್ಜಿನಿಂದ ಪ್ಲಾಸ್ಟಿಕ್ ಕವರಿಗೆ.

ನೋಡೋಕೆ ಮೊಟ್ಟೆ ಫಳಫಳ ಹೊಳೆಯುತ್ತಿತ್ತು. ತೊಂದರೆ ಶುರುವಾಗಿದ್ದು ಮಾತ್ರ ಆ ಹೊಳಪಿನಿಂದಲೇ.

ಕೋಳಿ ಮೊಟ್ಟೆ ಇಡೋದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ, ಈಚೆ ಬಂದ ಕ್ಷಣ ಮೊಟ್ಟೆ ಒದ್ದೆಯಾಗಿ ಮಿರಮಿರ ಮಿಂಚುತ್ತದೆ. ಒಂದೆರಡು ನಿಮಿಷದಲ್ಲಿ ಆ ಮಿಂಚು ಆರಿ, ಮೇಲ್ಮೈ ಮಂಕಾಗುತ್ತದೆ. ಆ ಒಣಗಿದ ಪದರವೇ ಮೊಟ್ಟೆಯ ರಕ್ಷಣೆ. ಪ್ರೋಟೀನಿನ ಪೊರೆ ಅದು, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ದಪ್ಪ. ಮೊಟ್ಟೆಯ ಚಿಪ್ಪು ಗೋಡೆಯ ಹಾಗೆ ಮುಚ್ಚಿದ್ದಲ್ಲ. ಒಳಗಿನ ಮರಿ ಉಸಿರಾಡಬೇಕಲ್ವಾ? ಅದಕ್ಕೆ ಸುಮಾರು 7,000ದಿಂದ 17,000 ಸಣ್ಣ ರಂಧ್ರಗಳಿವೆ. ಈ ಪೊರೆ ಆ ರಂಧ್ರಗಳ ಬಾಯಿ ಮುಚ್ಚಿ, ಗಾಳಿಗೆ ದಾರಿ ಬಿಟ್ಟು, ಕ್ರಿಮಿಗಳನ್ನು ತಡೆಯುತ್ತದೆ. ಸೋಪು ನೀರಲ್ಲಿ ನೆನೆಸಿ ಸ್ಟೀಲ್ ನಾರಿನಿಂದ ಉಜ್ಜಿದರೆ ಅದು ಉಳಿಯೋದಿಲ್ಲ.

ತಣ್ಣೀರು ಅದಕ್ಕಿಂತ ದೊಡ್ಡ ತೊಂದರೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಮೊಟ್ಟೆ ಅದೇ ಬಿಸಿಯಲ್ಲಿ ಈಚೆ ಬರುತ್ತದೆ. ತಣ್ಣಗಾದಂತೆ ಒಳಗಿರೋದು ಕುಗ್ಗುತ್ತದೆ, ಹೊರಗಿನದನ್ನು ರಂಧ್ರಗಳ ಮೂಲಕ ಎಳೆದುಕೊಳ್ಳುತ್ತದೆ. ದಪ್ಪ ತುದಿಯ ಗಾಳಿಯ ಕೋಣೆ ಆಗೋದು ಹೀಗೇ. ಗೂಡಿನಲ್ಲಿದ್ದರೆ ಗಾಳಿ ಎಳೆದುಕೊಳ್ಳುತ್ತಿತ್ತು. ಬಕೆಟ್ಟಿನಲ್ಲಿದ್ದಾಗ ಹಿಕ್ಕೆ ಕದಡಿದ ನೀರನ್ನು ಎಳೆದುಕೊಂಡಿತು. ಒಂದು ಮೊಟ್ಟೆಗೆ ಅಂಟಿದ್ದ ಕೊಳೆ ಬಕೆಟ್ಟಿನಲ್ಲಿದ್ದ ಎಲ್ಲ ಮೊಟ್ಟೆಗಳಿಗೂ ಹೋಯಿತು.

ಆ ಬಕೆಟ್ಟಿನ ಒಳಗೆ ನೀರು ನಿಲ್ಲುವ ಮಟ್ಟದಲ್ಲಿ ತುಕ್ಕಿನ ಬಣ್ಣದ ಪಟ್ಟಿ ಕಂಡಿತು. ನಮ್ಮ ಜಂಬಿಟ್ಟಿಗೆ ಮಣ್ಣಿನ ಬಾವಿಗಳಲ್ಲಿ ಇದು ಮಾಮೂಲಿ. ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರೋದರ ಗುರುತು. ಕುಡಿಯೋರು ಅದನ್ನು ಅಷ್ಟಾಗಿ ಗಮನಿಸೋದಿಲ್ಲ, ಮೊಟ್ಟೆಗೆ ಮಾತ್ರ ಅದು ಒಳ್ಳೆಯದಲ್ಲ. ಮೊಟ್ಟೆಯ ಬಿಳಿ ಲೋಳೆಯಲ್ಲಿ ಓವೋಟ್ರಾನ್ಸ್‌ಫೆರಿನ್ ಅಂತ ಒಂದು ಪ್ರೋಟೀನ್ ಇದೆ. ಅದು ಸಿಕ್ಕ ಕಬ್ಬಿಣವನ್ನೆಲ್ಲ ಹಿಡಿದಿಟ್ಟುಕೊಂಡು ಒಳಗೆ ಬಂದ ಬ್ಯಾಕ್ಟೀರಿಯಾಕ್ಕೆ ಏನೂ ಸಿಗದ ಹಾಗೆ ಮಾಡುತ್ತದೆ. ಲೈಸೋಜೈಮ್ ಅನ್ನೋ ಇನ್ನೊಂದು ಪ್ರೋಟೀನ್ ಕೆಲವು ಬ್ಯಾಕ್ಟೀರಿಯಾದ ಗೋಡೆಯನ್ನೇ ಕತ್ತರಿಸುತ್ತದೆ. ಅಂದರೆ ಮೊಟ್ಟೆ ಒಳಗೂ ತನ್ನನ್ನು ತಾನು ಕಾಯುತ್ತದೆ. ಕಬ್ಬಿಣದ ನೀರು ರಂಧ್ರದಿಂದ ಒಳಗೆ ಹೋದರೆ ಆ ಕಾವಲು ಸಡಿಲವಾಗುತ್ತದೆ. ಲೋಳೆಯನ್ನು ಹಸಿರು ಮಾಡುವ ಸೂಡೊಮೊನಾಸ್ ಬ್ಯಾಕ್ಟೀರಿಯಾ ನೀರಲ್ಲೂ ಮಣ್ಣಲ್ಲೂ ಇರುವಂಥದ್ದು. ಅದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಾ?

ನ್ಯೂಜೆರ್ಸಿಯ ಸಲಹೆ

ತೊಳೆಯಬೇಕು, ಫ್ರಿಜ್ಜಿನಲ್ಲಿಡಬೇಕು ಅಂತ ಚಿಕ್ಕಮ್ಮನಿಗೆ ಹೇಳಿದ್ದು ನ್ಯೂಜೆರ್ಸಿಯಲ್ಲಿರುವ ಅವರ ಮಗ. ಅವನು ಹೇಳಿದ್ದು ಸುಳ್ಳಲ್ಲ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಮೊಟ್ಟೆ ತೊಳೆದದ್ದೇ. ಆದರೆ ಅಲ್ಲಿ ತೊಳೆಯುವ ನೀರು ಕನಿಷ್ಠ 32 ಡಿಗ್ರಿ ಬಿಸಿ ಇರಬೇಕು, ಮೊಟ್ಟೆಗಿಂತ 11 ಡಿಗ್ರಿಯಾದರೂ ಜಾಸ್ತಿ ಇರಬೇಕು ಅಂತ ನಿಯಮ. ನೆನೆಹಾಕುವ ಹಾಗಿಲ್ಲ. ತೊಳೆದ ಕೂಡಲೇ ಒಣಗಿಸಬೇಕು. ಆಮೇಲೆ ಅಂಗಡಿ ತಲುಪುವ ತನಕ 7 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತಂಪಲ್ಲಿ ಇಡಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಎ ದರ್ಜೆಯ ಮೊಟ್ಟೆಯನ್ನು ಸಾಮಾನ್ಯವಾಗಿ ತೊಳೆಯುವ ಹಾಗೇ ಇಲ್ಲ. ಪೊರೆ ಉಳಿಯಲಿ, ಗೂಡೇ ಶುಚಿಯಾಗಿರಲಿ ಅನ್ನೋದು ಅವರ ಲೆಕ್ಕ.

ಎರಡೂ ಸರಿಯೇ. ಎರಡನ್ನೂ ಬೆರೆಸಿದರೆ ಮಾತ್ರ ಕಷ್ಟ. ಚಿಕ್ಕಮ್ಮನ ಮನೆಯಲ್ಲಿ ಆದದ್ದು ಅದೇ. ಪೊರೆ ಹೋಯಿತು, ಅದರ ಬದಲಿಗೆ ಬೇಕಾದ ಎಡೆಬಿಡದ ತಂಪು ಸಿಗಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟ್ ಇಲ್ಲದೆ ಇರೋದೂ ಉಂಟು. ಫ್ರಿಜ್ ಬಾಗಿಲಿನ ಮೊಟ್ಟೆ ತಟ್ಟೆ ಬೇರೆ. ಕಂಪನಿಯವರು ಅಲ್ಲೇ ಜಾಗ ಮಾಡಿಕೊಟ್ಟಿದ್ದಾರೆ ನಿಜ, ಆದರೆ ಫ್ರಿಜ್ಜಿನಲ್ಲಿ ತಂಪು ಅತಿ ಜಾಸ್ತಿ ಏರಿಳಿಯುವ ಜಾಗ ಅದು. ಕೊಡುವ ದಿನ ತಣ್ಣನೆ ಮೊಟ್ಟೆಯನ್ನು ಆ ತೇವದ ಗಾಳಿಗೆ ತಂದರೆ ಮೈಯೆಲ್ಲ ಬೆವರುತ್ತದೆ. ಬೆವರಿದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಪೊರೆ ಇಲ್ಲದ ಚಿಪ್ಪು ಮತ್ತೆ ಗಂಟೆಗಟ್ಟಲೆ ಒದ್ದೆಯಲ್ಲೇ ಇರುತ್ತದೆ.

ರಕ್ತದ ಉಂಗುರದ ಉತ್ತರ ಅಟ್ಟಣಿಗೆಯಲ್ಲಿತ್ತು. ಎರಡು ಹುಂಜ ಇರುವ ಮನೆ, ಹಾಗಾಗಿ ಹೆಚ್ಚಿನ ಮೊಟ್ಟೆಗಳು ಫಲಿತ ಮೊಟ್ಟೆಗಳೇ, ಅಂದರೆ ಕಾವು ಸಿಕ್ಕರೆ ಮರಿಯಾಗುವಂಥವು. ಅದನ್ನು ತಿನ್ನೋದರಲ್ಲಿ ಏನೂ ತಪ್ಪಿಲ್ಲ, ರುಚಿಯಲ್ಲೂ ವ್ಯತ್ಯಾಸ ಇಲ್ಲ. 20 ಡಿಗ್ರಿ ಆಸುಪಾಸಿನ ಕೆಳಗೆ ಭ್ರೂಣ ಮಲಗಿದ ಹಾಗೇ ಇರುತ್ತದೆ. ಅದಕ್ಕಿಂತ ಬಿಸಿಯಾದರೆ ನಿಧಾನಕ್ಕೆ ಬೆಳೆಯೋಕೆ ಶುರು ಮಾಡುತ್ತದೆ. ಮರಿ ಮಾಡೋಕೆ ಬೇಕಾದ ಬಿಸಿ 37.5 ಡಿಗ್ರಿ. ಬಚ್ಚಲೊಲೆಯ ಬೆಂಕಿ ಮಲೆನಾಡಿನ ಮಳೆಗಾಲದಲ್ಲಿ ಹೆಚ್ಚುಕಮ್ಮಿ ಇಡೀ ದಿನ ಉರಿಯುತ್ತದೆ. ಅದರ ಮೇಲಿನ ಅಟ್ಟಣಿಗೆ ಕೈಯಿಟ್ಟರೆ ಹಿತವಾಗಿ ಬೆಚ್ಚಗಿತ್ತು. ಎರಡು ದಿನ ಅಲ್ಲಿದ್ದು ರಕ್ತನಾಳ ಮೂಡಿಸಿಕೊಂಡ ಮೊಟ್ಟೆ, ಫ್ರಿಜ್ಜಿಗೆ ಹೋದ ಮೇಲೆ ಒಳಗೇ ಸತ್ತಿತು. ಇದರ ಜೊತೆಗೆ ಒಂದು ನಾಟಿ ಹೇಂಟೆ ಕಾವಿಗೆ ಕೂತಿತ್ತು. ಬೇರೆ ಕೋಳಿಗಳು ಅದೇ ಗೂಡಿಗೆ ಹೋಗಿ ಮೊಟ್ಟೆ ಇಡುತ್ತಿದ್ದವು. ದಿನಕ್ಕೆ ಒಂದೇ ಸಲ ತೆಗೆಯೋದರಿಂದ ಕೆಲವು ಮೊಟ್ಟೆ ಇಡೀ ಒಂದು ದಿನ ಆ ಕೋಳಿಯ ಹೊಟ್ಟೆಯಡಿ ಇದ್ದು ಬರುತ್ತಿದ್ದವು.

ಶುಚಿ ಗೂಡಿನಿಂದ ಶುರು

ಚಿಕ್ಕಮ್ಮ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. "ತೊಳೀಬಾರ್ದು ಅಂತೀಯ, ಹಿಕ್ಕೆ ಇರೋದನ್ನ ಹ್ಯಾಗೆ ಕೊಡ್ಲಿ?" ಮೊಟ್ಟೆಗೆ ಹಿಕ್ಕೆ ಹತ್ತದ ಹಾಗೆ ಮಾಡಬೇಕು. ನನ್ನ ಪ್ರಕಾರ ಉಳಿದ ಎಲ್ಲ ಉಪಾಯಗಳಿಗಿಂತ ಇದಕ್ಕೇ ಜಾಸ್ತಿ ಶ್ರಮ ಹಾಕಬೇಕು.

ಗೂಡಿನಲ್ಲಿ ಮೊಟ್ಟೆ ಇಡುವ ಪೆಟ್ಟಿಗೆ ಎರಡೇ ಇದ್ದವು. ನಾಲ್ಕೈದು ಹೇಂಟೆಗೆ ಒಂದು ಬೇಕು. ಇನ್ನೆರಡು ಸೇರಿಸಿ ನಾಲ್ಕು ಮಾಡಿದೆವು, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಏರಿಸಿದೆವು. ಒಳಗೆ ಹಾಸಿದ್ದ ಹುಲ್ಲು ತೇವ ಹೀರಿ ಬೂಸ್ಟು ಹಿಡಿದಿತ್ತು. ಅದನ್ನು ತೆಗೆದು ಒಣಗಿದ ಭತ್ತದ ಹೊಟ್ಟು ತುಂಬಿದೆವು. ಹೊಟ್ಟು ಒದ್ದೆಯಾದರೆ ಆ ಜಾಗದ್ದಷ್ಟನ್ನೇ ತೆಗೆದು ಬೇರೆ ಹಾಕಬಹುದು. ಕೋಳಿಗಳು ರಾತ್ರಿ ಕೂರುವ ಕೋಲು ಪೆಟ್ಟಿಗೆಗಿಂತ ತಗ್ಗಿನಲ್ಲಿತ್ತು. ಕೋಳಿ ಯಾವಾಗಲೂ ಇದ್ದದ್ದರಲ್ಲಿ ಎತ್ತರದ ಜಾಗ ಹುಡುಕುತ್ತದೆ, ಹಾಗಾಗಿ ಅವು ಪೆಟ್ಟಿಗೆಯ ಅಂಚಿನಲ್ಲೇ ಮಲಗಿ ರಾತ್ರಿಯೆಲ್ಲ ಒಳಗೆ ಹಿಕ್ಕೆ ಹಾಕುತ್ತಿದ್ದವು. ಕೋಲನ್ನು ಮೇಲಕ್ಕೆ ಕಟ್ಟಿ, ಸಂಜೆ ಪೆಟ್ಟಿಗೆಗಳ ಬಾಯಿಗೆ ಗೋಣಿಚೀಲ ಇಳಿಬಿಟ್ಟೆವು. ಬೆಳಿಗ್ಗೆ ಬೇಗ ತೆಗೆಯೋದು ಮರೆಯಬಾರದು, ಇಲ್ಲದಿದ್ದರೆ ಪೊದೆಯಲ್ಲಿ ಮೊಟ್ಟೆ ಹುಡುಕಬೇಕಾಗುತ್ತದೆ.

ಗೂಡಿನ ಬಾಗಿಲಲ್ಲಿ ಕೆಸರು ಹೊಂಡ ಇತ್ತು. ಅಲ್ಲಿಗೆ ಎರಡು ಜಂಬಿಟ್ಟಿಗೆ ಕಲ್ಲು ಹಾಕಿ, ಒಳಗೆ ಕಾಲಿಡುವ ಜಾಗದಲ್ಲಿ ಒಣ ಅಡಿಕೆ ಸಿಪ್ಪೆಯನ್ನು ದಪ್ಪಗೆ ಹರಡಿದೆವು. ಕೋಳಿ ಪೆಟ್ಟಿಗೆಗೆ ಹಾರುವ ಮೊದಲು ನಾಲ್ಕು ಹೆಜ್ಜೆ ಒಣಗಿದ್ದರ ಮೇಲೆ ನಡೆದರೆ ಕಾಲಿನ ಕೆಸರು ಅರ್ಧ ಅಲ್ಲೇ ಉಳಿಯುತ್ತದೆ. ಕಾವಿನ ಕೋಳಿಯನ್ನು ಬೇರೆ ಮಂಕರಿಗೆ ಹಾಕಿದ್ದಾಯಿತು. ಮೊಟ್ಟೆ ತೆಗೆಯೋದು ದಿನಕ್ಕೆ ಮೂರು ಸಲ.

ಇಷ್ಟಾದರೂ ಕೆಲವು ಮೊಟ್ಟೆ ಕೊಳೆಯಾಗಿಯೇ ಬರುತ್ತವೆ. ಸ್ವಲ್ಪ ಕಲೆ ಇದ್ದರೆ ಒಣಗಲು ಬಿಟ್ಟು, ಒಣ ತೆಂಗಿನ ನಾರಿನಿಂದಲೋ ಒರಟು ಬಟ್ಟೆಯಿಂದಲೋ ಕಲೆ ಇರುವ ಜಾಗದಷ್ಟನ್ನೇ ಮೆಲ್ಲಗೆ ಉಜ್ಜಿದರೆ ಸಾಕು. ಪೂರ್ತಿ ಬಳಿದುಕೊಂಡದ್ದು, ಬಿರುಕು ಬಿಟ್ಟದ್ದು ಪೇಟೆಗೆ ಹೋಗೋದಿಲ್ಲ. ಬಳಿದುಕೊಂಡದ್ದನ್ನು ಮನೆಗೇ ಇಟ್ಟುಕೊಂಡು, ಕೈಗೆ ಚೆನ್ನಾಗಿ ಬಿಸಿ ಅನ್ನಿಸುವ, ಅಂದರೆ 40 ಡಿಗ್ರಿ ಸುತ್ತಮುತ್ತಲಿನ ನೀರನ್ನು ಮೇಲಿಂದ ಹುಯ್ದು ತೊಳೆದು, ತಕ್ಷಣ ಒರೆಸಿ, ಫ್ರಿಜ್ಜಿಗಿಟ್ಟು ಮೊದಲು ಖರ್ಚು ಮಾಡೋದು. ಬಿರುಕಿನದ್ದನ್ನು ಅದೇ ದಿನ ಚೆನ್ನಾಗಿ ಬೇಯಿಸಿ ತಿನ್ನೋದು, ಸೋರುತ್ತಿದ್ದರೆ ಎಸೆಯೋದು. ಲಿಂಬೆರಸ, ವಿನಿಗರ್ ಹಾಕಿ ಉಜ್ಜಬೇಡಿ. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದರೆ ಕರಗುತ್ತದೆ. ಘಮಘಮ ಸೋಪೂ ಬೇಡ. ರಂಧ್ರದಿಂದ ವಾಸನೆ ಒಳಗೆ ಹೋಗುತ್ತದೆ. ಒಣಮೀನಿನ ಡಬ್ಬಿ, ಹಲಸಿನ ಹಣ್ಣಿನ ಪಕ್ಕ ಮೊಟ್ಟೆ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೆಲವೊಮ್ಮೆ ಕೋಳಿಯ ಅಂಡಾಶಯದಿಂದಲೇ ಮೊಟ್ಟೆಯೊಳಗೆ ಬಂದಿರುತ್ತದೆ. ಹೊರಗೆ ಎಷ್ಟು ಶುಚಿ ಮಾಡಿದರೂ ಅದು ಹೋಗೋದಿಲ್ಲ. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಹಳದಿ ಗಟ್ಟಿಯಾಗುವ ತನಕ ಬೇಯಿಸಿಯೇ ಕೊಡಿ. ಮೊಟ್ಟೆ ಮುಟ್ಟಿದ ಕೈ ತೊಳೆದುಕೊಳ್ಳಿ.

ಇಡುವ ಜಾಗ

ಅಟ್ಟಣಿಗೆಯಿಂದ ಮೊಟ್ಟೆ ಉಗ್ರಾಣಕ್ಕೆ ಬಂತು. ಮಣ್ಣಿನ ಗೋಡೆಯ, ಉತ್ತರ ದಿಕ್ಕಿನ ಕೋಣೆ. ಮಳೆಗಾಲದಲ್ಲಿ ಮನೆಯಲ್ಲೇ ಅತ್ಯಂತ ತಣ್ಣಗಿರುವ ಜಾಗ. ರಟ್ಟಿನ ಟ್ರೇನಲ್ಲಿ ಚೂಪು ತುದಿ ಕೆಳಗೆ ಮಾಡಿ ಇಡೋದು. ಹಾಗಿಟ್ಟರೆ ಗಾಳಿಯ ಕೋಣೆ ಮೇಲಿರುತ್ತದೆ, ಹಳದಿ ಮಧ್ಯದಲ್ಲೇ ನಿಲ್ಲುತ್ತದೆ. ಪ್ರತಿಯೊಂದರ ಮೇಲೂ ಪೆನ್ಸಿಲ್‌ನಲ್ಲಿ ತಾರೀಖು. ಪೆನ್ನಿನ ಶಾಯಿ ಬೇಡ, ಅದೂ ರಂಧ್ರದಿಂದ ಇಳಿಯಬಹುದು. ತೊಳೆಯದ, ಶುಚಿಯಾದ ಮೊಟ್ಟೆಯನ್ನು ಹೀಗಿಟ್ಟು ವಾರದೊಳಗೆ ಪೇಟೆಗೆ ಕೊಡುತ್ತಾರೆ.

ಬಹಳ ದಿನ ಇಡಬೇಕಾದದ್ದು ಮಾತ್ರ ಫ್ರಿಜ್ಜಿಗೆ. ಅದೂ ಒಳಗಿನ ತಟ್ಟಿನಲ್ಲಿ, ಮುಚ್ಚಳದ ಡಬ್ಬಿಯಲ್ಲಿ. ಒಮ್ಮೆ ಒಳಗೆ ಹೋದದ್ದು ಅಡುಗೆಗೇ ಹೊರಗೆ ಬರಬೇಕು, ಮಾರೋಕೆ ಅಲ್ಲ.

ಚಿಕ್ಕಮ್ಮನ ಅತ್ತೆ ಅಕ್ಕಿ ಡಬ್ಬಿಯೊಳಗೆ ಮೊಟ್ಟೆ ಹುಗಿದಿಡುತ್ತಿದ್ದರಂತೆ. ಬಯಲುಸೀಮೆಯಲ್ಲಿ ರಾಗಿಯಲ್ಲಿ ಇಡೋದು ನನಗೂ ಗೊತ್ತು. ಧಾನ್ಯದ ರಾಶಿಯ ನಡುವೆ ಬಿಸಿ ಥಟ್ಟನೆ ಏರೋದಿಲ್ಲ, ಮೊಟ್ಟೆ ಅಲುಗೋದಿಲ್ಲ, ಒಣಗಿರುತ್ತದೆ. ಅವರು ಇಡುತ್ತಿದ್ದದ್ದೂ ತೊಳೆಯದ ಮೊಟ್ಟೆಯನ್ನೇ. ಪದ್ಧತಿ ಒಳ್ಳೆಯದು, ಆದರೆ ತಿನ್ನುವ ಅಕ್ಕಿಯಲ್ಲಿ ಮಾತ್ರ ಬೇಡ. ಬೇರೆ ಡಬ್ಬಿಯಲ್ಲಿ ಭತ್ತದ ಹೊಟ್ಟು ತುಂಬಿ ಇಟ್ಟರೆ ಅದೇ ಅನುಕೂಲ ಸಿಗುತ್ತದೆ. ಒದ್ದೆ ಮರಳಿನ ನಡುವೆ ಮಡಕೆ ಇಟ್ಟು ತಂಪು ಮಾಡುವ ಉಪಾಯ ಒಣಹವೆಯ ಕಡೆ ಚೆನ್ನಾಗಿ ನಡೆಯುತ್ತದೆ. ಮಲೆನಾಡಿನ ಜುಲೈಯಲ್ಲಿ ನೀರು ಆವಿಯಾಗೋದೇ ಇಲ್ಲ, ತಂಪು ಎಲ್ಲಿಂದ ಬರಬೇಕು?

ಪೇಟೆಯವರಿಗೂ ಒಂದು ವಿಷಯ ಹೇಳಬೇಕಾಯಿತು. ಒಬ್ಬರು ಮೊಟ್ಟೆ ಕೊಂಡ ಕೂಡಲೇ ಎಲ್ಲವನ್ನೂ ನೀರಿಗೆ ಹಾಕಿ ಮುಳುಗುತ್ತದಾ ತೇಲುತ್ತದಾ ನೋಡಿ, ಆಮೇಲೆ ಎತ್ತಿಡುತ್ತಿದ್ದರು. ತೇಲಿದರೆ ಗಾಳಿಯ ಕೋಣೆ ದೊಡ್ಡದಾಗಿದೆ, ಮೊಟ್ಟೆ ಹಳೆಯದು ಅಂತ ಅರ್ಥ, ಅಷ್ಟೆ. ಕ್ರಿಮಿ ಇದೆಯಾ ಇಲ್ವಾ ಅಂತ ಅದು ಹೇಳೋದಿಲ್ಲ. ಎತ್ತಿಡುವ ಮೊಟ್ಟೆಯನ್ನು ತಣ್ಣೀರಿಗೆ ಹಾಕಿದರೆ ನಾವು ಉಳಿಸಿಕೊಟ್ಟ ಪೊರೆಗೆ ಅಲ್ಲಿ ಪೆಟ್ಟು. ಒಡೆಯುವ ಮುಂಚೆ ಪರೀಕ್ಷೆ ಮಾಡಿ, ಆಗಲೇ ತೊಳೆಯಿರಿ, ಬೇರೆ ಬಟ್ಟಲಿಗೆ ಒಂದೊಂದಾಗಿ ಒಡೆಯಿರಿ ಅಂತ ಚಿಕ್ಕಮ್ಮ ಒಂದು ಚೀಟಿ ಬರೆದು ಪ್ರತಿ ಟ್ರೇಗೂ ಇಡುತ್ತಿದ್ದಾರೆ.

ಆಮೇಲೆ ಆದದ್ದು

ಹಸಿರುಗಟ್ಟಿ ಕೊಳೆಯೋದು ಬೇಗ ನಿಂತಿತು. ಆಗಸ್ಟ್‌ನಲ್ಲಿ ಒಂದು ಮನೆಯಿಂದ ಮತ್ತೆ ದೂರು ಬಂತು. ಅವರು ಮೊಟ್ಟೆಗಳನ್ನು ಗಂಟು ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟಿದ್ದರು, ಚಿಪ್ಪಿನ ಮೇಲೆ ಬೂಸ್ಟು ಬಂದಿತ್ತು. ಈಗ ಕವರಿನ ಬದಲು ಅಡಿಕೆ ಹಾಳೆಯ ತಟ್ಟೆಯಲ್ಲಿ ಹೊಟ್ಟು ಹಾಸಿ ಕೊಡುತ್ತಾರೆ. ಮಳೆ ಜೋರಿದ್ದ ವಾರಗಳಲ್ಲಿ ಕೊಳೆ ಮೊಟ್ಟೆಗಳ ಸಂಖ್ಯೆ ಏರಿದ್ದೂ ಉಂಟು. ಒಣ ಹೊಟ್ಟು ಸಿಗದ ದಿನ ಯಾವ ಉಪಾಯವೂ ಪೂರ್ತಿ ಕೆಲಸ ಮಾಡೋದಿಲ್ಲ. ಈ ಸಲ ಮೇ ತಿಂಗಳಲ್ಲೇ ನಾಲ್ಕು ಚೀಲ ಹೊಟ್ಟು ತಂದು ಅಟ್ಟಕ್ಕೆ ಹಾಕಿಸಿದ್ದಾರೆ.

ರಕ್ತದ ಉಂಗುರದ್ದು ಮಾತ್ರ ಇನ್ನೂ ಯೋಚನೆ ಬೇಡುವ ವಿಷಯವಾಗಿತ್ತು. ಮಳೆಗಾಲಕ್ಕೆ ಉಗ್ರಾಣ ಸಾಕು. ಏಪ್ರಿಲ್‌ನಲ್ಲಿ ಅದೇ ಕೋಣೆ 30 ಡಿಗ್ರಿ ಮುಟ್ಟುತ್ತದೆ. ತಿನ್ನುವ ಮೊಟ್ಟೆಗೆ ಹುಂಜವೇ ಬೇಕಿಲ್ಲ, ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಒಂದು ಹುಂಜವನ್ನು ಚಿಕ್ಕಪ್ಪನ ತಮ್ಮನ ಮನೆಗೆ ಕಳಿಸಿದರು. ಉಳಿದ ಒಂದನ್ನು ನಾಲ್ಕು ನಾಟಿ ಹೇಂಟೆಗಳ ಜೊತೆ ಬೇಲಿ ಕಟ್ಟಿ ಬೇರೆ ಬಿಟ್ಟಿದ್ದಾರೆ. ಹುಂಜವನ್ನು ಬೇರೆ ಮಾಡಿದ ಮೇಲೂ ಎರಡು ಮೂರು ವಾರ ಫಲಿತ ಮೊಟ್ಟೆ ಬರುತ್ತಲೇ ಇರುತ್ತದೆ, ಹಾಗಾಗಿ ಬೇಲಿಯ ಕೆಲಸವನ್ನು ಮಾರ್ಚ್ ಮೊದಲಲ್ಲೇ ಮುಗಿಸಿದರು. ಬೇಲಿಯೊಳಗಿನ ಮೊಟ್ಟೆಯನ್ನು ತೊಳೆಯದೆ, ವಾರದೊಳಗೆ, ಕಾವಿಗಿಡೋರಿಗೆ ಕೊಡುತ್ತಾರೆ. ಅದಕ್ಕೆ ತಿನ್ನುವ ಮೊಟ್ಟೆಗಿಂತ ಒಳ್ಳೆಯ ರೇಟು ಸಿಗುತ್ತಿದೆ, ಊರಿನ ಮೂರು ಮನೆಯವರು ಈಗಲೇ ಹೇಳಿಟ್ಟಿದ್ದಾರೆ.